ಬೇಕಲ ಕೋಟೆಯಲ್ಲಿ ನಾಲ್ಕು ಕ್ಯಾಮರಾಗಳು

ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್ ಹೋದರೆ ಬೇಕಲ ಕೋಟೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಈ ಮುರಕಲ್ಲಿನ ಕೋಟೆ ಸುಮಾರು 40 ಎಕರೆ ವಿಸ್ತಾರದಲ್ಲಿ ಸಮುದ್ರಕ್ಕೆ ಎದೆಯೊಡ್ಡಿ ನಿಂತಿದೆ.

ಧರ್ಮಕೇಂದ್ರದ ಕೆಲವು ಕುಟುಂಬಗಳೊಡನೆ ನಾವು ಅಲ್ಲಿಗೆ ಹೋದಾಗ ಮೊಬೈಲುಗಳ ನಡುವೆ ನಾಲ್ಕು ಪುಟ್ಟ ಡಿಜಿಟಲ್ ಕ್ಯಾಮರಾಗಳೂ ಇದ್ದವು. ಇವುಗಳ ತಯಾರಿಕೆ ಈಗ ಬಹಳ ಕಡಿಮೆಯಾಗಿದೆ. ಆದರೂ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದಾದರೂ ಉಳಿದಿದೆ. ‘ಇವುಗಳಲ್ಲಿ ಯಾವುದು ಒಳ್ಳೆಯದು?’ ಎಂದು ಬಸ್ಸಿನಲ್ಲಿ ಎದ್ದ ಚರ್ಚೆಗೆ ಕೋಟೆಯೇ ಉತ್ತರ ಕೊಟ್ಟಿತು.

ನಡುವಿನ ಕಾವಲು ಬುರುಜಿಗೆ ಇಳಿಜಾರು ದಾರಿಯಲ್ಲಿ ಏರಿದೆವು. ಹಕ್ಕಿಗಳ ಹುಚ್ಚಿರುವ ಮೇಷ್ಟ್ರ ಕೈಯಲ್ಲಿದ್ದದ್ದು 2018ರ ಕ್ಯಾನನ್ ಎಸ್‌ಎಕ್ಸ್ 740. ಅದರ 40 ಪಟ್ಟು ಜೂಮ್‌ಗೆ ದೂರದ ಗರುಡ, ಮೀನಿನ ದೋಣಿ ಎಲ್ಲವೂ ಅಂಗೈಗೆ ಬಂದವು. ಇದು ಲೆನ್ಸೇ ಮಾಡುವ ಕೆಲಸ. ‘ಡಿಜಿಟಲ್ ಜೂಮ್’ ಚಿತ್ರದ ತುಂಡನ್ನು ಹಿಗ್ಗಿಸುತ್ತದೆ ಅಷ್ಟೆ.

ಚಿತ್ರಕಲೆ ಕಲಿಯುವ ಯುವಕನೊಬ್ಬ ಸೋನಿ ಆರ್‌ಎಕ್ಸ್ 100 ಹಿಡಿದಿದ್ದ. 2012ರಲ್ಲಿ ಬಂದ ಈ ಕ್ಯಾಮರಾದ ಸೆನ್ಸರ್ ಸಾಧಾರಣ ಪುಟ್ಟ ಕ್ಯಾಮರಾಗಳದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಕಪ್ಪಾದ ಗೋಡೆಯ ನೆರಳು, ಅದರಾಚೆ ಉರಿಬಿಸಿಲಿನ ಕಡಲು, ಎರಡನ್ನೂ ಅದು ತಕ್ಕಮಟ್ಟಿಗೆ ಉಳಿಸಿಕೊಂಡಿತು.

ಕೆಳಗೆ ಅಲೆಗಳಲ್ಲಿ ಆಡುತ್ತಿದ್ದ ಮಕ್ಕಳ ಬಳಿ ಒಲಿಂಪಸ್ ಟಿಜಿ 6 ಇತ್ತು. 15 ಮೀಟರ್ ಆಳದ ನೀರಿಗೂ ಜಗ್ಗದ, ಲೆನ್ಸ್ ಹೊರಗೆ ಚಾಚದ ಕ್ಯಾಮರಾ. ಬೇರೆ ಕ್ಯಾಮರಾಗಳ ಲೆನ್ಸಿನ ಸಂದಿಗೆ ಮರಳು ಹೊಕ್ಕರೆ ಅಲ್ಲಿಗೆ ಕತೆ ಮುಗಿಯಿತು.

ನಾಲ್ಕನೆಯದು, ಎರಡು ಪೆನ್ ಸೆಲ್ ಹಾಕುವ 10 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾನನ್. ಅದು ಐದನೇ ತರಗತಿಯ ಹುಡುಗಿಯ ಪಾಲಿಗೆ ಬಂದಿತ್ತು. ಬುರುಜು ಏರಲಾರದ ಅವಳ ಅಜ್ಜಿಯೂ ಅಜ್ಜಿಯ ತಂಗಿಯೂ ಮರದ ನೆರಳಲ್ಲಿ ಕುಳಿತಿದ್ದರು. ಅಕ್ಕನ ಮನೆ ಗಡಿಯ ಈಚೆ, ತಂಗಿಯದು ಆಚೆ. ಅವರು ಹುಟ್ಟಿದಾಗ ಎರಡೂ ಕಡೆ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಬಹಳ ದಿನಗಳ ಮೇಲೆ ಸೇರಿದ ಅಕ್ಕತಂಗಿಯರಿಗೆ ಕೋಟೆಯ ಕಡೆ ಗಮನವೇ ಇರಲಿಲ್ಲ.

ಮೇಷ್ಟ್ರು ಕ್ಯಾಮರಾ ಎತ್ತಿದರೆ ಇಬ್ಬರೂ ಸೆರಗು ಸರಿಪಡಿಸಿ ಬಿಗಿದು ಕೂತರು. ಮೊಮ್ಮಗಳು ಎದುರು ಕುಕ್ಕರಗಾಲಲ್ಲಿ ಕೂತಾಗ ಮಾತ್ರ, ‘ಇವಳೇನು ಮಹಾ ತೆಗೆಯುತ್ತಾಳೆ’ ಎಂದು ನಕ್ಕು ಮಾತು ಮುಂದುವರಿಸಿದರು. ಆ ನಗು ಚಿತ್ರದಲ್ಲಿ ಸಿಕ್ಕಿತು. ಆ ದಿನದ ಚಿತ್ರಗಳಲ್ಲಿ ಇಬ್ಬರೂ ತಮ್ಮ ತಮ್ಮ ಮನೆಗೆ ಬೇಕೆಂದು ಕೇಳಿದ್ದು ಅದೊಂದನ್ನೇ.

ಆದ್ದರಿಂದ ಪ್ರಿಯ ಓದುಗರೇ, ಕ್ಯಾಮರಾ ಕೊಳ್ಳುವ ಮುನ್ನ ಬೆಲೆ ಕೇಳುವುದಕ್ಕಿಂತ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ: ನಾವು ನೋಡಬಯಸುವುದು ದೂರದ ಹಕ್ಕಿಯನ್ನೋ, ಬೆಳಕು ನೆರಳನ್ನೋ, ನೀರಾಟವನ್ನೋ, ಹತ್ತಿರ ಕುಳಿತ ನಮ್ಮವರನ್ನೋ? ಹತ್ತಿರದವರಿಗಾದರೆ ಕಪಾಟಿನಲ್ಲಿರುವ ಹಳೆಯದೇ ಸಾಕು. ತೆಗೆದ ಚಿತ್ರ ಕಾರ್ಡಿನಲ್ಲೇ ಉಳಿದರೆ ಕಾರ್ಡ್ ಕೆಟ್ಟ ದಿನ ಅದೂ ಹೋಗುತ್ತದೆ. 4x6 ಅಂಗುಲದ ಪ್ರಿಂಟಿಗೆ 2-3 ಮೆಗಾಪಿಕ್ಸೆಲ್ ಇದ್ದರೂ ಆದೀತು. ಎರಡು ಪ್ರತಿ ಮಾಡಿಸಿ. ಒಂದನ್ನು ಗಡಿಯಾಚೆಯ ಮನೆಗೆ ತಲುಪಿಸಿ.