ನುಡಿಯ ಬಳಗ

ಮನುಷ್ಯರಿಗೆ ಬಂಧುಬಳಗವಿರುವಂತೆ ಭಾಷೆಗಳಿಗೂ ಬಂಧುಬಳಗವುಂಟು. ಪೆಸಿಫಿಕ್ ಮಹಾಸಾಗರದ ದ್ವೀಪಗಳಲ್ಲಿ ಹರಡಿರುವ ಪಾಲಿನೇಷ್ಯನ್ ಭಾಷೆಗಳು ಇದಕ್ಕೆ ಸೊಗಸಾದ ನಿದರ್ಶನ. ಹವಾಯಿಯವರು ಐದಕ್ಕೆ 'ಲಿಮ' ಎಂದರೆ, ಸಾವಿರಾರು ಮೈಲಿ ದೂರದ ನ್ಯೂಜಿಲೆಂಡಿನ ಮಾವೊರಿಗಳು 'ರಿಮ' ಎನ್ನುತ್ತಾರೆ. ನಿಷಿದ್ಧವಾದುದು ಮಾವೊರಿಯಲ್ಲಿ 'ತಪು', ಹವಾಯಿಯಲ್ಲಿ 'ಕಪು'. ಅಲ್ಲಿಯ ತಕಾರ ಇಲ್ಲಿ ಕಕಾರವಾಗುವುದು ಒಂದೆರಡು ಶಬ್ದಗಳ ಆಕಸ್ಮಿಕವಲ್ಲ, ಅದೊಂದು ನಿಯಮ. ದೋಣಿಯೇರಿ ಕಡಲು ದಾಟಿದ ಜನ ತಮ್ಮೊಡನೆ ಒಂದೇ ತಾಯ್ನುಡಿಯನ್ನು ಒಯ್ದಿದ್ದರೆಂಬುದಕ್ಕೆ ಈ ನಿಯಮವೇ ಸಾಕ್ಷಿ.

ಇಂತಹ ಸಾಕ್ಷಿಗಾಗಿ ನಾವು ಕಡಲಾಚೆಗೇ ಹೋಗಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ಕಾವ್ಯ ರಚಿಸಿದ ಮುಧೋಳದ ರನ್ನನ ಕಾಲಕ್ಕೆ ಹಾಲು 'ಪಾಲ್' ಆಗಿತ್ತು. ಹುಲಿ 'ಪುಲಿ', ಹೂವು 'ಪೂ' ಆಗಿದ್ದವು. ತಮಿಳು ತೆಲುಗುಗಳಲ್ಲಿ ಆ ಪಕಾರ ಇಂದಿಗೂ ಉಳಿದಿದೆ, ನಮ್ಮಲ್ಲಿ ಹಕಾರವಾಗಿದೆ. ದ್ರಾವಿಡ ಭಾಷೆಗಳ ಈ ಬಾಂಧವ್ಯವನ್ನು ಕಾಲ್ಡ್‌ವೆಲ್ ಪಂಡಿತನು 1856ರಲ್ಲಿ ತನ್ನ ತೌಲನಿಕ ವ್ಯಾಕರಣದಿಂದ ವಿಶದಪಡಿಸಿದನು.

ಜಮಖಂಡಿಯಲ್ಲಿ ನಾನು ಈ ವಿಷಯವನ್ನು ಬೋಧಿಸುತ್ತಿದ್ದಾಗ, ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ನಾವು ಮನ್ಯಾಗ ಆಡೂ ಮಾತು ಪುಸ್ತಕದಾಗ ಇಲ್ರಿ. ಅದು ತಪ್ಪೇನ್ರಿ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನು ಕರಿಹಲಗೆಯ ಮೇಲೆ 'ಮನ್ಯಾಗ, ಊರಾಗ, ಹೊಲದಾಗ, ಪುಸ್ತಕದಾಗ' ಎಂದು ಬರೆದೆ. ಎಲ್ಲದರಲ್ಲಿಯೂ ಒಂದೇ ಪ್ರತ್ಯಯವಿರುವುದನ್ನು ಆ ಹುಡುಗಿಯೇ ಗುರುತಿಸಿದಳು. "ನಿಯಮವಿರುವ ಮಾತು ತಪ್ಪಲ್ಲ, ತಂಗಿ. ಪುಸ್ತಕದ್ದು ಒಂದು ಕನ್ನಡ, ನಿನ್ನ ಮನೆಯದು ಇನ್ನೊಂದು, ಎರಡೂ ಒಡಹುಟ್ಟಿದವು" ಎಂದೆ. ನಗು ನಿಂತಿತು.

ಮನೆಮಾತಿಗೆ ನಾಚುವುದು ಸಣ್ಣ ಸಂಗತಿಯಲ್ಲ. ಹವಾಯಿಯಲ್ಲಿ 1896ರ ಶಾಸನವು ಇಂಗ್ಲಿಷನ್ನೇ ಶಿಕ್ಷಣ ಮಾಧ್ಯಮವಾಗಿಸಿತು. ಶಾಲೆಯಲ್ಲಿ ತಾಯ್ನುಡಿಯಾಡಿದ ಮಕ್ಕಳು ಶಿಕ್ಷೆ ಅನುಭವಿಸಿದರು. ಅವರೇ ದೊಡ್ಡವರಾದಾಗ ತಮ್ಮ ಮಕ್ಕಳೊಡನೆ ಅದನ್ನಾಡಲು ಹಿಂಜರಿದರು. ಎರಡು ಮೂರು ತಲೆಮಾರುಗಳಲ್ಲಿ ಆ ನುಡಿ ಅಳಿವಿನಂಚಿಗೆ ಬಂದಿತು. ಅದನ್ನು ಉಳಿಸಿದವರೂ ಬಂಧುಗಳನ್ನು ನೋಡಿಯೇ ಕಲಿತರು. ಮಾವೊರಿಗಳು 1982ರಲ್ಲಿ ಅಜ್ಜ ಅಜ್ಜಿಯರ ಮಾತಿನಲ್ಲಿಯೇ ಶಿಶುವಿಹಾರಗಳನ್ನು ಆರಂಭಿಸಿದ್ದರು. ಎರಡು ವರ್ಷಗಳ ತರುವಾಯ ಹವಾಯಿಯಲ್ಲಿಯೂ ಅಂಥವು ತೆರೆದವು.

ಜಮಖಂಡಿ, ಮುಧೋಳ ಸಂಸ್ಥಾನಗಳನ್ನು 1948ರವರೆಗೆ ಮರಾಠಿ ಮಾತಿನ ಮನೆತನಗಳು ಆಳಿದವು. ಆದರೂ ಇಲ್ಲಿಯ ಕನ್ನಡ ಬಡವಾಗಲಿಲ್ಲ. ಬೀಳಗಿಯ ಹೊಲಗಳಲ್ಲಿ, ರಬಕವಿ-ಬನಹಟ್ಟಿಯ ಮಗ್ಗಗಳ ಬಳಿಯಲ್ಲಿ ತಾಯಂದಿರು ಅದನ್ನು ನಾಚಿಕೆಯಿಲ್ಲದೆ ಆಡಿದರು. ಮಕ್ಕಳು ಕೇಳಿ ಕಲಿತರು. ಗ್ರಂಥಗಳು ಭಾಷೆಯನ್ನು ಕಾಪಿಡಬಲ್ಲವು. ಅದನ್ನು ಬದುಕಿಸುವುದು ಆಡುವ ನಾಲಗೆ.