ಕಂಬಳಿ ಕೊಪ್ಪೆಯೊಳಗೆ ಹತ್ತುಮೀನಿನ ರಾತ್ರಿ

ಮೃಗಶಿರಾ ಮಳೆ ಹಗಲಿಡೀ ಹೊಯ್ದು ಇನ್ನೂ ಬಿಟ್ಟಿಲ್ಲ. ಹೊಸನಗರದ ಕಡೆ, ಲಿಂಗನಮಕ್ಕಿ ಹಿನ್ನೀರಿಗೆ ಸೇರುವ ಹಳ್ಳದ ಮಗ್ಗುಲ ಗದ್ದೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ನಿಂತಿದ್ದೀರಿ. ಕರೆಂಟು ಸಂಜೆಯೇ ಹೋಗಿದೆ.

"ಬ್ಯಾಟರಿ ಆರ್ಸ ಮಾರಾಯ. ಬೆಳಕು ಕಂಡ್ರೆ ತಿರುಗಿ ಹೋಗ್ತವೆ," ಅನ್ನುತ್ತಾರೆ ಮಾವ.

ಆರಿಸುತ್ತೀರಿ. ತಲೆಯಿಂದ ಮಂಡಿಯವರೆಗೆ ಇಳಿಬಿದ್ದ ಕಂಬಳಿ ಕೊಪ್ಪೆಯೇ ಈಗ ನಿಮ್ಮ ಮನೆ. ಮೊದಲ ಹನಿಗಳನ್ನು ಕುಡಿದು ಉಣ್ಣೆ ಉಬ್ಬಿದೆ, ನೇಯ್ಗೆಯ ಸಂದು ಬಿಗಿದುಕೊಂಡಿದೆ. ಆಮೇಲೆ ಬಿದ್ದ ನೀರು ಬಹುಪಾಲು ಮೇಲಿಂದಲೇ ಜಾರುತ್ತಿದೆ. ಹೆಗಲು ಜಗ್ಗುತ್ತದೆ, ಒದ್ದೆ ಕುರಿಯ ವಾಸನೆ ಮೂಗಿಗೆ ಅಡರುತ್ತದೆ. ಆದರೂ ಬೆನ್ನು ಬೆಚ್ಚಗಿದೆ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯುವವರು ಮಡಿಚುವ ಗುಡಾರ ಬಿಡಿಸಿ ಕೂರುತ್ತಾರೆ. ಅದರ ಎರಡು ಪದರದ ನಡುವೆ ಕೆಲಸ ಮಾಡುವುದೂ ಇಂಥದೇ ಗಾಳಿ. ಅವರ ಮೀನು ಮಂಜುಗಡ್ಡೆಯ ತೂತಿನ ಕೆಳಗಿರುತ್ತದೆ, ಗುಡಾರ ಅಲ್ಲೇ ಇದ್ದರೆ ಸಾಕು. ನಮ್ಮ ಮೀನು ಹರಿಯುವ ನೀರಿಗೆದುರಾಗಿ ಹತ್ತುತ್ತದೆ. ಸೂರೂ ಜೊತೆಗೇ ನಡೆಯಬೇಕು.

ಆಚೆ ಅಂಚಿನಲ್ಲಿ ಅತ್ತೆ ಗೊರಬು ಹೊತ್ತು ಬಗ್ಗಿದ್ದಾರೆ. ಬಿದಿರ ಸೀಳಿನ ಹೆಣಿಗೆಗೆ ಒಣ ಎಲೆ ಹೊದಿಸಿದ್ದು. ಬಗ್ಗಿದಷ್ಟೂ ಬೆನ್ನು ಮುಚ್ಚುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ನಾಟಿ ಗದ್ದೆಗೆ ಇದಕ್ಕಿಂತ ಒಳ್ಳೆಯ ಸೂರನ್ನು ನಾನಂತೂ ಕಂಡಿಲ್ಲ. ಈಗ ಎಲೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಹೆಣೆಯುವ ಕೈಗಳೂ ಕಡಿಮೆಯಾಗುತ್ತಿವೆ. ಅದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ಅದೂ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಇಂಥ ಸೀಮೆಯಲ್ಲಿ.

ನಮ್ಮ ಹಳ್ಳ ಸೇರುವ ಹಿನ್ನೀರು ಶರಾವತಿಯದು. ಆ ನದಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ಹಾದು ಸಾಗರದ ಕಡೆ ಹೋಗುವ ಅದನ್ನು 1964ರಿಂದ ಲಿಂಗನಮಕ್ಕಿ ಅಣೆಕಟ್ಟು ತಡೆದು ನಿಲ್ಲಿಸಿದೆ. ಹೊಸ ನೀರಿನ ವಾಸನೆ ಹಿಡಿದು ಮೀನು ಆ ಹಿನ್ನೀರಿನಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಹತ್ತುತ್ತದೆ. ಅದೇ ಹತ್ತುಮೀನು.

ಕಾಲಿಗೆ ಏನೋ ತಾಗಿತು. ಗದ್ದೆಯಂಚಿನ ಕಂಡಿಯಲ್ಲಿಟ್ಟ, ಮೀನು ಹಿಡಿಯುವ ಕೂಣಿ ಅಲುಗುತ್ತಿದೆ. ಅದರ ಬಾಯೊಳಗೆ ಬಿದಿರ ಕಡ್ಡಿಗಳು ಒಳಮುಖವಾಗಿ ಕೂಡಿಕೊಂಡಿವೆ. ನುಗ್ಗಿದ ಮೀನಿಗೆ ವಾಪಸು ದಾರಿಯಿಲ್ಲ. ಮಾವ ಎತ್ತುತ್ತಾರೆ. ಬ್ಯಾಟರಿ ಬೆಳಕಿಗೆ ಸೋಸಲು ಮೀನುಗಳು ಮಿಂಚುತ್ತವೆ, ನಡುವೆ ಮೀಸೆಯ ಕಪ್ಪು ಮುರುಗೋಡು ಒದ್ದಾಡುತ್ತಿದೆ.

"ಕಿವಿ ಹತ್ರ ಮುಳ್ಳದೆ, ತಲೆ ಹಿಂದೆ ಹಿಡಿ."

ಹಿಡಿಯುತ್ತೀರಿ. ಹೊಟ್ಟೆ ಬಿಗಿದು ಉಬ್ಬಿದೆ, ಒಳಗೆ ತುಂಬ ಮೊಟ್ಟೆ.

"ಇದನ್ನ ಬಿಡು."

ಮೇಲಿನ ಗದ್ದೆಗೆ ಬಿಡುತ್ತೀರಿ. ಮಾವ ಕೂಣಿಯನ್ನು ಕಂಡಿಯ ಒಂದು ಮಗ್ಗುಲಿಗೆ ಸರಿಸಿ, ಉಳಿದರ್ಧ ನೀರಿಗೆ ದಾರಿ ಬಿಟ್ಟು ಕಲ್ಲು ಹೇರುತ್ತಾರೆ. "ಅರ್ಧ ನಮಗೆ ಸಾಕು. ಕೊಪ್ಪೆ ಸರಿ ಮಾಡ್ಕ, ಉಂಬಳ ಹತ್ತಿದ್ಯಾ ನೋಡ್ಕ. ಕೆಳಗಿನ ಕಂಡಿಗೆ ಹೋಗನ."