ಬಿಟ್ಟ ಆಟಕ್ಕೆ ಮರಳಿ ಬಂದ ಹುಡುಗಿ

ಫಿಗರ್ ಸ್ಕೇಟಿಂಗ್ ಅಂದರೆ ಬೂಟಿನ ಅಡಿಯಲ್ಲಿ ಉಕ್ಕಿನ ಅಲಗು ಇಟ್ಟುಕೊಂಡು, ಮಂಜುಗಡ್ಡೆಯ ಅಂಗಳದಲ್ಲಿ ಹಾಡಿಗೆ ತಕ್ಕಂತೆ ಜಾರುತ್ತ, ಜಿಗಿಯುತ್ತ ಆಡುವ ಆಟ. ರೀಲ್ಸ್‌ನಲ್ಲಿ ನೀವೂ ನೋಡಿರುತ್ತೀರಿ. ನಾವಿಬ್ಬರೂ ಹಾಗೇ ನೋಡಿದ್ದವರು. 2025ರ ಮಾರ್ಚ್‌ನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇದರ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆಗ ಅಲ್ಲಿ ಅಕ್ಕನ ಮನೆಯಲ್ಲಿದ್ದ ನಮಗೆ ಮಹಿಳೆಯರ ಕೊನೆಯ ಸುತ್ತನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿತು.

ಫೋನಿನಲ್ಲಿ ಗೊತ್ತಾಗದ್ದು ಎರಡು: ವೇಗ ಮತ್ತು ಸದ್ದು. ಟಿಡಿ ಗಾರ್ಡನ್ ಕ್ರೀಡಾಂಗಣದ ಮಂಜಿನ ಅಂಗಳ ಸುಮಾರು 16 ಗುಂಟೆ. ಈ ತುದಿಯಲ್ಲಿದ್ದವರು ಕಣ್ಣು ಮಿಟುಕಿಸುವುದರಲ್ಲಿ ಆ ತುದಿಯಲ್ಲಿರುತ್ತಾರೆ. ಅಲಗು ಮಂಜು ಕೊರೆಯುವ ಸದ್ದು, ಹಸಿ ಹುಲ್ಲಿಗೆ ಕುಡುಗೋಲು ಹಾಕಿದ ಹಾಗೆ. ಜಿಗಿದು ಗಾಳಿಯಲ್ಲಿ ಮೂರು ಸುತ್ತು ತಿರುಗಲು ಒಂದು ಸೆಕೆಂಡೂ ಸಿಗುವುದಿಲ್ಲ. ಇಳಿಯುವುದು ಒಂದೇ ಕಾಲಿನ ಮೇಲೆ, ಹಿಂದಕ್ಕೆ ಜಾರುತ್ತ. ಆ ಅಲಗಿನ ದಪ್ಪವೋ ಸುಮಾರು 4 ಮಿಲಿಮೀಟರ್!

ಅವತ್ತು ಎಲ್ಲರ ಕಣ್ಣು ಅಲಿಸಾ ಲಿಯು ಎಂಬ 19ರ ಹುಡುಗಿಯ ಮೇಲೆ. 2019ರಲ್ಲಿ 13ನೇ ವಯಸ್ಸಿಗೇ ಅಮೆರಿಕದ ಚಾಂಪಿಯನ್ ಆದವಳು. 2022ರಲ್ಲಿ ಒಲಿಂಪಿಕ್ಸ್ ಆಡಿ, ಅದೇ ವರ್ಷ 16ಕ್ಕೇ ಆಟ ಸಾಕೆಂದು ಬಿಟ್ಟಳು. ಎರಡು ವರ್ಷದ ಮೇಲೆ ಮರಳಿ ಬಂದಳು, ಯಾರ ಒತ್ತಾಯಕ್ಕೂ ಅಲ್ಲ. ಯಾವ ಹಾಡು, ಯಾವ ಉಡುಪು ಎಂಬ ತೀರ್ಮಾನವೂ ಈ ಸಲ ಅವಳದೇ.

ಹಾಡು ಡೊನಾ ಸಮರ್ ಅವರ 'ಮೆಕಾರ್ಥರ್ ಪಾರ್ಕ್'. ನಿಧಾನಕ್ಕೆ ಶುರುವಾಗಿ ಆಮೇಲೆ ಕುಣಿತದ ಲಯಕ್ಕೆ ತಿರುಗುತ್ತದೆ. ಒಂದು ಜಿಗಿತ ಸರಿಯಾಗಿ ಇಳಿದಳು, ಇನ್ನೊಂದು ಇಳಿದಳು. ನಮ್ಮ ಪಕ್ಕದಲ್ಲಿದ್ದ ಅಜ್ಜಿ ಪ್ರತಿ ಜಿಗಿತಕ್ಕೂ ಉಸಿರು ಬಿಗಿಹಿಡಿಯುತ್ತಿದ್ದರು. ಆ ಹುಡುಗಿ ಮಾತ್ರ ನಗುತ್ತಿದ್ದಳು. ಪದಕದ ಭಾರ ಹೊತ್ತವರ ನಗು ಅದಲ್ಲ, ಜಾತ್ರೆಯಲ್ಲಿ ತೊಟ್ಟಿಲು ಏರಿದ ಮಕ್ಕಳ ನಗು. ಸುಮಾರು ನಾಲ್ಕು ನಿಮಿಷದಲ್ಲಿ ಎಲ್ಲ ಮುಗಿದಾಗ ಜನ ಎದ್ದು ನಿಂತಿದ್ದರು. ನಾವೂ ನಿಂತಿದ್ದೆವು, ಯಾವಾಗ ಎದ್ದೆವೋ ಗೊತ್ತಿಲ್ಲ.

ಒಟ್ಟು 222.97 ಅಂಕ. ಅದಕ್ಕೂ ಮೊದಲು ಸತತ ಮೂರು ವರ್ಷ ಗೆದ್ದಿದ್ದ ಜಪಾನಿನ ಕವೋರಿ ಸಕಮೊಟೊ ಎರಡನೇ ಸ್ಥಾನಕ್ಕೆ ಇಳಿದರು. ಅಮೆರಿಕದ ಮಹಿಳೆಯೊಬ್ಬರು ಈ ಪಟ್ಟ ಗೆದ್ದದ್ದು 2006ರ ನಂತರ ಇದೇ ಮೊದಲು.

ನಮಗೆ ಅಂಕಕ್ಕಿಂತ ಹೆಚ್ಚು ನೆನಪಿರುವುದು ಬೇರೆ. ಅವಳು ಬಿಟ್ಟದ್ದೂ ತನ್ನಿಷ್ಟ, ಬಂದದ್ದೂ ತನ್ನಿಷ್ಟ. ನಮ್ಮ ಕಡೆ ಹೈಸ್ಕೂಲಿನಲ್ಲಿ ಖೊಖೊ, ಓಟ ಅಂತ ತಾಲ್ಲೂಕು ಮಟ್ಟಕ್ಕೆ ಹೋದ ಎಷ್ಟೋ ಹುಡುಗಿಯರು ಪಿಯುಸಿ ಹೊತ್ತಿಗೆ ಆಟ ಬಿಟ್ಟಿರುತ್ತಾರೆ. ಬಸ್ಸಿಲ್ಲ, ಹೊತ್ತಾಗುತ್ತದೆ, ಗಂಡು ನೋಡುತ್ತಿದ್ದೇವೆ ಎಂದು ಬಿಡಿಸುವವರು ಬೇರೆಯವರೇ. ಮತ್ತೆ ಬಾ ಎನ್ನುವವರು ಇರುವುದಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಹುಡುಗಿ ಇದ್ದರೆ, ಮತ್ತೆ ಆಡಬೇಕು ಅನ್ನಿಸುತ್ತದಾ ಎಂದು ಒಂದು ಮಾತು ಕೇಳಿ.